ರುಬ್ಬುವ ಕಲ್ಲಿನ ಅದುರು

೧೨ ಜನವರಿ ೧೯೬೩, ಶನಿವಾರ, ಬೆಳಿಗ್ಗೆ ಆರು ಗಂಟೆ.

ಅಚ್ಚುಕಟ್ಟಾಗಿ ಬದುಕುವವನಿಗೆ ಒಂದು ಕೆಲಸವನ್ನು ಅಡ್ಡಾದಿಡ್ಡಿಯಾಗಿ ಮಾಡು ಎಂದರೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ನನಗೆ ಆ ಶಿಕ್ಷೆಯಾದದ್ದು ಮದ್ರಾಸಿನ ನುಂಗಂಬಾಕ್ಕಂನಲ್ಲಿರುವ ನನ್ನ ಸೋದರಮಾವನ ಹೋಟೆಲಿನಲ್ಲಿ. ಕೈಯಲ್ಲಿ ರುಬ್ಬಿದ್ದು ಸಾಕೆಂದು ಮಾವ ದೀಪಾವಳಿಗೆ ಮೋಟಾರಿನ ರುಬ್ಬುವ ಕಲ್ಲು ತಂದರು. ಅದು ತಿರುಗಿದರೆ ಅದುರು ನೆಲಕ್ಕಿಳಿದು, ಗೋಡೆ ಹತ್ತಿ, ಮಹಡಿಯಲ್ಲಿರುವ ಕಟ್ಟಡದ ಮಾಲೀಕರ ಮಂಚ ತಲುಪುತ್ತದೆ. ಮೊನ್ನೆ ಅವರು ಹಲ್ಲಿನ ಸೆಟ್ಟು ಇಟ್ಟ ಲೋಟವನ್ನೇ ಹಿಡಿದು ಕೆಳಗಿಳಿದರು. ತಾವು ಸುಮ್ಮನಿದ್ದರೂ ತಮ್ಮ ಹಲ್ಲು ಲೋಟದೊಳಗೆ ಮಾತಾಡುತ್ತದಂತೆ. ಪೊಂಗಲ್ ಹಬ್ಬದೊಳಗೆ ಅದುರು ನಿಲ್ಲದಿದ್ದರೆ, "ಕಡೈಯೆ ಕಾಲಿ ಪಣ್ಣು" ಎಂದರು. ಅಂಗಡಿ ಖಾಲಿ ಮಾಡಬೇಕೆಂಬುದು ಅರ್ಥವಾಗಲು ಮಾವನಿಗೆ ಅನುವಾದ ಬೇಕಾಗಲಿಲ್ಲ.

"ಎಂಥ ಮಾರಾಯ, ನೀನು ಕಾಲೇಜಿನಲ್ಲಿ ಅಲೆಯನ್ನೇ ಅಲ್ವಾ ಓದೂದು? ಇದೊಂದು ಅಲೆ ನಿಲ್ಲಿಸ್ಲಿಕ್ಕೆ ಆಗೂದಿಲ್ವಾ?" ಎಂದರು ಮಾವ.

ಆಗುತ್ತದೆ ಎಂದುಬಿಟ್ಟೆ. ನಮ್ಮ ಮೇಷ್ಟರು ಹೇಳಿದ್ದರು: ಪದರ ಬದಲಾಗುವ ಪ್ರತಿ ಸಂದಿಯಲ್ಲೂ ಅಲೆ ಒಂದಿಷ್ಟು ಹಿಂದಕ್ಕೆ ತಿರುಗುತ್ತದೆ. ಪದರಗಳು ಕ್ರಮವಾಗಿದ್ದರೆ ಕೆಲವು ಅಲೆಗಳು ಹೇಗೋ ದಾಟಿಬಿಡುತ್ತವೆ. ಕ್ರಮ ಕೆಟ್ಟಿದ್ದರೆ ತಿರುಗಿದ ಅಲೆಗಳು ಒಂದರೊಳಗೊಂದು ಸಿಕ್ಕಿಕೊಂಡು, ಹುಟ್ಟಿದ ಜಾಗದ ಸುತ್ತಲೇ ಉಳಿಯುತ್ತವೆ. ಸರಿ, ಹಲಗೆ, ರಬ್ಬರು, ಗೋಣಿ ತಂದು ಕಲ್ಲಿನ ಕೆಳಗೆ ಜೋಡಿಸಿದೆ. ಮೋಟಾರು ಹಾಕಿದರೆ ಮೇಲಿನಿಂದ ಮಾಲೀಕರ ಕೂಗು. ಬಗ್ಗಿ ನೋಡಿದೆ: ಹಲಗೆ, ರಬ್ಬರು, ಗೋಣಿ, ಮತ್ತೆ ಹಲಗೆ, ರಬ್ಬರು, ಗೋಣಿ! ಕಣ್ಣು ಮುಚ್ಚಿ ಪೇರಿಸಿದರೂ ನನ್ನ ಕೈ ಅಂಚಿಗೆ ಅಂಚು ಕೂಡಿಸುತ್ತಿತ್ತು. ಕೊನೆಗೆ ಅತ್ತೆಯ ಮೊರೆಹೊಕ್ಕೆ.

"ಅತ್ತೆ, ಇದನ್ನು ನೋಡದೆ ಇಡಬೇಕಲ್ಲ."

"ನಾನು ಯಾವತ್ತು ನೋಡಿ ಇಟ್ಟದ್ದುಂಟು?" ಎಂದು ಅತ್ತೆ ತಮ್ಮ ಅಟ್ಟದಲ್ಲಿ ಪಾತ್ರೆ ತುಂಬುವ ಹಾಗೆ ಎಲ್ಲವನ್ನೂ ತುರುಕಿದರು.

ಇವತ್ತು ಬೆಳಿಗ್ಗೆ ವಡೆಯ ಹಿಟ್ಟು ರುಬ್ಬುವಾಗ ಮಹಡಿ ಹತ್ತಿ ನೋಡಿದೆ. ಲೋಟದ ನೀರು ಕದಲಿರಲಿಲ್ಲ. ಮಾಲೀಕರು ಗೊರಕೆ ಹೊಡೆಯುತ್ತಿದ್ದರು. ಹೋಟೆಲು ಉಳಿಯಿತು! ಕುಣಿಯುತ್ತ ಇಳಿದು ಬಂದರೆ, ಕೆಳಗೆ ಕಲ್ಲೂ ಕುಣಿಯುತ್ತಿತ್ತು. ಎಲ್ಲಿಗೂ ಹೋಗಲಾರದ ಅದುರೆಲ್ಲ ಅಲ್ಲೇ ಸೇರಿ, ಯಂತ್ರ ಬಾಗಿಲ ಕಡೆಗೆ ಹೊರಟಿತ್ತು.

"ಯಾರಾದ್ರೂ ಹಿಡ್ಕೊಳ್ಬೇಕು," ಎಂದ ಮಾವ ನನ್ನನ್ನೇ ನೋಡಿದರು. "ಅಲೆ ಓದಿದವ ನೀನೇ ಅಲ್ವಾ?"

ಒಂದು ಕೈಯಲ್ಲಿ ಯಂತ್ರವನ್ನು ತಬ್ಬಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಅಲೆ ಈಗ ನನ್ನಲ್ಲಿ ನೆಲೆ ನಿಂತಿದೆ. ಮಹಡಿಯೊಂದನ್ನು ಬಿಟ್ಟು ಬೇರೆಲ್ಲಿಗಾದರೂ ಇದನ್ನು ಸಾಗಿಸುವ ಉಪಾಯ ಬಲ್ಲವರು ದಯವಿಟ್ಟು ಬರೆದು ತಿಳಿಸಿ. ದೊಡ್ಡ ಅಕ್ಷರದಲ್ಲಿ ಬರೆಯಿರಿ. ನನ್ನ ಕಣ್ಣೆದುರು ಸಾಲುಗಳು ನಿಲ್ಲುತ್ತಿಲ್ಲ.