ಅಜ್ಜನ ಬೆನ್ನ ಹಿಂದಿನ ಹಲಗೆ

“ಸಿಗರೇಟಿನ ಜಾಹೀರಾತು ಬೀದಿಗೆ ಢಾಳಾಗಿ ಕಾಣುತ್ತೆ! ಎದುರಿಗೇ ಮಕ್ಕಳ ಶಾಲೆ. ನಿಮಗೆ ಕಣ್ಣಿಲ್ವಾ?”

“ಕಣ್ಣಿರೋದು ಅವಕ್ಕೆ, ನೋಡೋದೂ ಅವೇ. ನನ್ನನ್ಯಾಕೆ ಬೈತೀರಿ ಮೇಡಂ?” ಚಿಲ್ಲರೆ ಅಂಗಡಿಯ ದಾಲ್ಸು ಗಲ್ಲಾಪೆಟ್ಟಿಗೆಗೆ ಗುದ್ದಿದ.

ಆರೋಗ್ಯ ಕಚೇರಿಯ ಮಿನ್ ಮೇಡಂ ಜಗ್ಗಲಿಲ್ಲ. “ಒಳಗೆ ಏನು ಬೇಕಾದ್ರೂ ಹಾಕ್ಕೊಳ್ಳಿ, ಹೊರಗೆ ಕಾಣಬಾರದು. ಸಂಜೆ ಐದಕ್ಕೆ ಬರ್ತೀನಿ. ಕಂಡರೆ ನಿಮ್ಮ ಸಿಗರೇಟ್ ಲೈಸೆನ್ಸ್ ರದ್ದು.”

ಸಿಗರೇಟು ಹೋದರೆ ಆ ಅಂಗಡಿಗೆ ಬರುವವರು ದಾರಿ ಕೇಳುವವರು ಮಾತ್ರ. ದಾಲ್ಸುವಿನ ಬೆನ್ನ ಹಿಂದೆ, ಕಂಪನಿಯವರು ತೂಗುಹಾಕಿದ ದೀಪದ ಹಲಗೆ ಮದುವೆಮನೆಯಂತೆ ಝಗಝಗಿಸುತ್ತಿತ್ತು: “ಹಿಮದಂಥ ತಂಪು! ಒಂದೇ ದಮ್ಮಿಗೆ!”

ಪಕ್ಕದ ಅಕ್ಕಿ ಕಡುಬಿನಂಗಡಿಯ ಗು ಅಕ್ಕ ಇಣುಕಿದಳು. “ಗಾಜಿಗೆ ಬಿಳಿ ಕಾಗದ ಅಂಟಿಸಪ್ಪ, ಕತೆ ಮುಗೀತು. ಕಡುಬು ಸುತ್ತೋ ಕಾಗದ ನನ್ನ ಹತ್ರ ಬೇಕಾದಷ್ಟಿದೆ.”

ಅಂಟಿಸಿದ. ಅರ್ಧ ಗಂಟೆಯಲ್ಲಿ ಕ್ಷೌರದಂಗಡಿಯ ಓಕ್ ತಾತ ಕಪ್ಪು ಕೋಟು ತೊಟ್ಟು, ಕಪ್ಪು ಟೈ ಕಟ್ಟಿ, ಸಾವಿನ ಮನೆಗೆ ಕೊಡುವ ಬಿಳಿ ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬಂದ. ದಾಲ್ಸುವನ್ನು ಕಂಡು ಹೌಹಾರಿದ.

“ನೀನು ಬದುಕಿದೀಯೇನೋ! ಗಾಜಿನ ತುಂಬ ಬಿಳಿ ಕಾಗದ ನೋಡಿ ಸತ್ತೇಹೋದೆ ಅಂದ್ಕೊಂಡೆ!”

“ಯಾಕೆ ತಾತ, ಬೇಜಾರಾಯ್ತಾ?”

“ಅದಕ್ಕಲ್ಲವೋ. ಈ ಟೈ ಕಟ್ಟೋಕೆ ಕಾಲು ಗಂಟೆ ಹಿಡೀತು!”

ತಾತನ ಹಿಂದೆ ಇನ್ನೂ ನಾಲ್ವರು ಮೂಗೊರೆಸಿಕೊಳ್ಳುತ್ತ ನಿಂತಿದ್ದರು. ದಾಲ್ಸು ಕಾಗದವನ್ನು ಪರಪರ ಹರಿದ.

ಗಲಾಟೆ ಕೇಳಿ ಎದುರು ಶಾಲೆಯ ಮೇಷ್ಟ್ರು ಓಡಿಬಂದರು. “ನಮ್ಮ ಮಕ್ಕಳು ‘ಹೊಗೆ ಬೇಡ’ ಅಂತ ಚಿತ್ರ ಬರೆದಿದಾರೆ. ಅದನ್ನೇ ಅಂಟಿಸೋಣ. ನಿಮ್ಮ ಮೊಮ್ಮಗಳು ಸೆರೋಮ್‌ಗೆ ಮೊದಲ ಬಹುಮಾನ!”

ದಾಲ್ಸುವಿನ ಎದೆ ಬಿಸಿ ಕಡುಬಿನಂತೆ ಉಬ್ಬಿತು. ಮೇಷ್ಟ್ರೂ ಗು ಅಕ್ಕನೂ ಬೀದಿಯಲ್ಲಿ ನಿಂತು ಗಾಜಿನ ತುಂಬ ಅಂಟಿಸಿದರು. ಒಳಗಿದ್ದ ದಾಲ್ಸುವಿಗೆ ಕಂಡದ್ದು ಕಾಗದದ ಬೆನ್ನು ಮಾತ್ರ. ಎಲ್ಲೂ ಒಂದು ಸಂದಿಲ್ಲ. ನಿಶ್ಚಿಂತೆಯಾಗಿ ನೂಡಲ್ಸ್ ತಿಂದ.

ಐದಕ್ಕೆ ಮಿನ್ ಮೇಡಂ ಬಂದು ಗಾಜಿನ ಮುಂದೆ ಕಂಬದಂತೆ ನಿಂತಳು. “ಯಜಮಾನ್ರೇ, ಸ್ವಲ್ಪ ಹೊರಗೆ ಬನ್ನಿ.”

ಬಂದು ನೋಡಿದ. ಮೂವತ್ತು ಚಿತ್ರ. ಪ್ರತಿಯೊಂದರಲ್ಲೂ ಒಂದು ಸಿಗರೇಟ್ ಪ್ಯಾಕು. ಹೆಸರು, ಬಣ್ಣ, ಮೂಲೆಯ ನಕ್ಷತ್ರ, ಯಾವುದೂ ತಪ್ಪಿಲ್ಲ. ನಟ್ಟನಡುವೆ ಸೆರೋಮ್‌ಳದು: ಇಡೀ ಹಲಗೆ, ಪುದೀನ ಎಲೆಯ ಸಮೇತ, ಕೆಳಗೆ ದುಂಡಗೆ, “ಹಿಮದಂಥ ತಂಪು! ಒಂದೇ ದಮ್ಮಿಗೆ!” ಮೂಲೆಯಲ್ಲಿ ಇರುವೆಯಷ್ಟು ಸಣ್ಣಗೆ, “ಸೇದಬೇಡಿ”.

“ಬೆಳಿಗ್ಗೆ ಒಂದು ಜಾಹೀರಾತು ಕಾಣ್ತಿತ್ತು. ಈಗ ಮೂವತ್ತು!” ಮೇಡಂ ನೋಟಿಸು ಬರೆಯತೊಡಗಿದಳು.

ದಾಲ್ಸು ಮೊಮ್ಮಗಳತ್ತ ತಿರುಗಿದ. “ಲೇ ಪುಟ್ಟಿ, ಇದನ್ನೆಲ್ಲ ಯಾರೇ ಹೇಳಿಕೊಟ್ಟಿದ್ದು?”

ಏಳು ವರ್ಷದ ಸೆರೋಮ್ ಐಸ್‌ಕ್ರೀಮ್ ನೆಕ್ಕುತ್ತ ನಿಂತಿದ್ದಳು. “ಯಾರೂ ಇಲ್ಲ ಅಜ್ಜ. ನಾನು ಹೋಮ್‌ವರ್ಕ್ ಮಾಡುವಾಗ ದಿನಾ ನಿನ್ನ ಬೆನ್ನ ಹಿಂದೆ ಇರುತ್ತಲ್ಲ. ನಾನು ಓದೋಕೆ ಕಲಿತಿದ್ದೇ ಅದರಲ್ಲಿ.”

ದಾಲ್ಸು ಒಳಗೆ ಹೋಗಿ ಹಲಗೆಯನ್ನು ಗೋಡೆಯಿಂದ ಕಿತ್ತು, ಹಗ್ಗ ಬಿಗಿದು ಬೆನ್ನಿಗೇರಿಸಿದ. “ಕಂಪನಿಯವರ ಗೋದಾಮಿಗೇ ಒಗೆದು ಬರ್ತೀನಿ!” ಎಂದವನೇ ಬೀದಿಗಿಳಿದ.

ಆಗಷ್ಟೇ ಟ್ಯೂಷನ್ ಬಿಟ್ಟಿತ್ತು. ಬೀದಿ ತುಂಬ ಮಕ್ಕಳು. ಎಲ್ಲ ಅವನ ಬೆನ್ನು ನೋಡಿ ಒಂದೇ ರಾಗದಲ್ಲಿ ಓದಿದವು: “ಹಿಮದಂಥ ತಂಪು! ಒಂದೇ ದಮ್ಮಿಗೆ!”

“ಯಜಮಾನ್ರೇ, ನಿಲ್ಲಿ! ಈಗ ಊರಿಗೇ ಕಾಣ್ತಿದೆ!” ಮಿನ್ ಮೇಡಂ ಎರಡನೇ ನೋಟಿಸು ಬೀಸುತ್ತ ಓಡಿದಳು.

ದಾಲ್ಸು ತಿರುಗಿ ನೋಡಲಿಲ್ಲ. ಕತ್ತಲಾಗುವವರೆಗೂ ತಿರುಗಿ ಬರಲೂ ಇಲ್ಲ. ಅವತ್ತು ಅಂಗಡಿಯ ಬಾಗಿಲು ಹಾಕಿದವಳು ಗು ಅಕ್ಕ.