ಫ್ಯಾನ್ ಗಾಳಿಗೆ ಹಾರಿದ ಪಾತಾಳ

ಆವತ್ತು ಕೋಣೆಯಲ್ಲಿದ್ದವರು ಮೂವರೇ: ಪಿಎಚ್.ಡಿ. ಮಾಡುತ್ತಿರುವ ಗದಗದ ಶಿವಲೀಲಾ, ನೆಲ ಒರೆಸಲು ಚಿಕ್ಕಜಾಲದಿಂದ ಬರುವ ನರಸಮ್ಮ, ಮತ್ತು ಯಾರೂ ಕೇಳದಿದ್ದರೂ ಉಪಕಾರ ಮಾಡುವ ಚಾಳಿಯ ನಾನು. ಯಲಹಂಕದ ಈ ಪ್ರಯೋಗಾಲಯದಲ್ಲಿ ನಾನು ಸ್ಟೋರ್ ಕೀಪರ್. ಬೀಕರು, ಕೈಗವಸು, ಟಿಶ್ಯೂ ಪೇಪರ್ ಎಣಿಸಿ ಕೊಡುವುದು ನನ್ನ ಕೆಲಸ. ವಿಜ್ಞಾನಕ್ಕೆ ಕೈ ಹಾಕುವುದಲ್ಲ. ಆದರೆ ಸೂಕ್ಷ್ಮದರ್ಶಕದ ಮುಂದೆ ಆ ಹುಡುಗಿ ಬೆವರುತ್ತಿದ್ದಳು. ಪಾಪ ಅನ್ನಿಸಿತು. ಫ್ಯಾನ್ ಹಾಕಿದೆ.

"ಅಯ್ಯೋ ಸರ್ರ! ಕಲ್ಲು ಹಾರಿತ್ರೀ!"

ಕಲ್ಲೆಂದರೆ ರವೆಯ ಕಾಳಿಗಿಂತ ಸಣ್ಣ ನೀಲಿ ಹರಳು. ನಮ್ಮ ಕಾಲ ಕೆಳಗೆ ಐದಾರು ನೂರು ಕಿಲೋಮೀಟರ್ ಆಳದಲ್ಲಿರುವ ಒತ್ತಡ, ಕಾವು ಎರಡನ್ನೂ ಯಂತ್ರದಲ್ಲಿ ಕೊಟ್ಟು ಮಾಡಿದ್ದು. ಎಂಟು ತಿಂಗಳು ಕೆಟ್ಟೂ ಕೆಟ್ಟೂ ಕೊನೆಗೆ ಒಂದೇ ಒಂದು ನೆಟ್ಟಗೆ ಬಂದಿತ್ತು. ಅದರೊಳಗೆ ಎಷ್ಟು ಹೈಡ್ರೋಜನ್ ಇದೆಯೆಂದು ಮರುದಿನವೇ ಅಳೆಯಬೇಕು. ಇಲ್ಲದಿದ್ದರೆ ಅವಳ ಪಿಎಚ್.ಡಿ. ಇನ್ನೊಂದು ವರ್ಷ ಮುಂದಕ್ಕೆ.

ಮೂವರೂ ಮಂಡಿಯೂರಿ ಹುಡುಕತೊಡಗಿದೆವು. ತಪ್ಪು ಮಾಡಿದಾಗ ನನಗೆ ಮಾತು ಜಾಸ್ತಿ. "ಕಲ್ಲಿನೊಳಗೆ ನೀರಿದೆ ಅಂತೀರಲ್ಲಾ, ಎಲ್ಲಿರುತ್ತಮ್ಮಾ?" ಎಂದೆ.

"ನೀರಲ್ರೀ, ಹೈಡ್ರೋಜನ್. ಬಸ್ಸಿನ್ಯಾಗ ಒಬ್ಬ ದಪ್ಪ ಮನಷ್ಯಾ ಎದ್ದು ಹೋದ್ರ ಆ ಸೀಟಿನ್ಯಾಗ ಇಬ್ರು ಸಣ್ಣವ್ರು ಕುಂದರ್ತಾರಲ್ರೀ? ಮೆಗ್ನೀಸಿಯಂ ಎದ್ದ ಜಾಗಾದಾಗ ಎರಡು ಹೈಡ್ರೋಜನ್ ಹಂಗ ಕುಂತು, ಬಾಜೂಕಿನ ಆಕ್ಸಿಜನ್ ಕೈ ಹಿಡ್ಕೋತಾವ. ಹಿಂಡಿದ್ರ ಹನಿ ಬರೂದಿಲ್ಲ. ಆದ್ರ ಆ ಆಳದ ಕಲ್ಲೆಲ್ಲಾ ಕೂಡಿಸಿದ್ರ ಸಮುದ್ರದಷ್ಟು ಇರಬಹುದ್ರೀ."

ಅಳುತ್ತಲೇ ಹೇಳಿದಳು. ಅಳುವಾಗಲೂ ಇಷ್ಟು ಚೆನ್ನಾಗಿ ಪಾಠ ಹೇಳುವವರನ್ನು ನಾನು ಕಂಡಿಲ್ಲ. ಇಲ್ಲೇ ಯಲಹಂಕದ ಪಕ್ಕದ ಸಿಂಗಾಪುರ ಬಡಾವಣೆಯ ನಮ್ಮ ಮನೆಯ ಬತ್ತಿದ ಬೋರ್‌ವೆಲ್ ನೆನಪಾಗಿ, ಭೂಮಿತಾಯಿಯ ಮೇಲೆ ಗೌರವವೂ ಬಂತು, ಒಂಚೂರು ಸಿಟ್ಟೂ ಬಂತು.

ನರಸಮ್ಮ, "ಇಂಗೆ ಮೇಲಿಂದ ನೋಡುದ್ರೆ ಸಿಕ್ಕಾಕಿಲ್ಲ ಸಾ. ಯಾವತ್ತಾದ್ರೂ ಅಕ್ಕೀಲಿ ಕಲ್ಲು ಆರ್ಸಿದೀರಾ?" ಎಂದರು. ನನ್ನ ಹೆಂಡತಿಯೂ ಇದನ್ನೇ ಕೇಳುತ್ತಾಳೆ. ನರಸಮ್ಮ ನನ್ನ ಮೊಬೈಲಿನ ಟಾರ್ಚನ್ನು ನೆಲಕ್ಕೆ ಅಡ್ಡಲಾಗಿ ಹಿಡಿಸಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ ಮಲಗಿದರು. ಆ ಬೆಳಕಲ್ಲಿ ಹರಳಿಗಿಂತ ಹರಳಿನ ನೆರಳೇ ಉದ್ದ! ಬೀರುವಿನ ಕಾಲ ಬಳಿ ಎಂಜಲು ಬೆರಳು ಒತ್ತಿ ಎತ್ತಿಯೇಬಿಟ್ಟರು. ಆಮೇಲೆ ಗಾಬರಿಯಾದರು.

"ಎಂಜ್ಲು ನೀರು ಒಳೀಕ್ ವೋಗ್ಬಿಟ್ರೆ ಏನವ್ವಾ ಮಾಡೋದು?"

"ಹಂಗ ಸುಮ್‌ಸುಮ್ನ ಹೋಗೂದಿಲ್ಲ ಯವ್ವಾ, ತೊಳದ್ರ ಆತು!" ಎಂದು ಶಿವಲೀಲಾ ನರಸಮ್ಮನನ್ನು ತಬ್ಬಿಕೊಂಡಳು.

ಮರುದಿನ ಅಳತೆ ನಡೆಯಿತು. ಪರದೆಯ ಮೇಲೆ ಹೈಡ್ರೋಜನ್ನಿನ ಗೆರೆ ಗುಡ್ಡದ ಹಾಗೆ ಎದ್ದಾಗ ಶಿವಲೀಲಾ ಎಲ್ಲರಿಗಿಂತ ಮೊದಲು ಕೂಗಿ ಕರೆದದ್ದು ನರಸಮ್ಮನನ್ನು. ನಾನೂ ಹೋದೆ. ನನಗೆ ಬಾಗಿಲ ಹೊರಗಿನಿಂದಲೇ ತೋರಿಸಿದರು.