ಮೂಲೆಯಲ್ಲೊಂದು ಹೆಸರು

ಮೂವತ್ತು ವರ್ಷ ಮಂದಿಯ ಹೆಸರು ಬರೆದ ಪೇಂಟರ್ ಗುರಲಿಂಗನಿಗೆ, ಸಾಯುವುದರೊಳಗೆ ಒಂದು ಚಿತ್ರದ ಮೂಲೆಯಲ್ಲಾದರೂ ತನ್ನ ಹೆಸರಿರಲಿ ಎಂಬ ಆಸೆ ಹುಟ್ಟಿತು. ಗ್ರಹಚಾರ ಶುರುವಾದದ್ದು ಅಲ್ಲಿಂದಲೇ.

ಅಂಗಡಿ ಬೋರ್ಡುಗಳನ್ನೆಲ್ಲ ಫ್ಲೆಕ್ಸ್ ನುಂಗಿ ನೀರು ಕುಡಿದಿತ್ತು. ಅಂಥದರಲ್ಲಿ ಮಿರಜದ ಬಟ್ಟೆ ವ್ಯಾಪಾರಿ ಓಂಕಾರ, ತೀರಿಹೋದ ತಂದೆ ಬಸಲಿಂಗಪ್ಪನವರ ಚಿತ್ರ ಬರೆಯಲು ಹೇಳಿದ. ಮೂಲೆಯಲ್ಲಿ ಹೆಸರು ಹಾಕಿಕೊಳ್ಳಲು ಒಪ್ಪಿಗೆಯನ್ನೂ ಕೊಟ್ಟ. ನಾಳೆ ವರ್ಷದ ಪುಣ್ಯತಿಥಿ ಎನ್ನುವ ದಿನ ಗುರಲಿಂಗ ಚಿತ್ರ ಮುಗಿಸಿ, ತನ್ನೂರು ಆರಗದಿಂದ ಬೆಳಗಿನ ಬಸ್ಸಿಗೇ ಅಂಗಡಿಗೆ ತಂದ. ಸಹಿಯೊಂದೇ ಬಾಕಿ.

ಓಂಕಾರನ ಮಗಳು ಶೀತಲ ಸಾಂಗಲಿಯಲ್ಲಿ ಚಿತ್ರಕಲೆ ಓದುತ್ತಿದ್ದಳು. ಮೊದಲ ವರ್ಷ, ಅಂದರೆ ಎಲ್ಲ ತಿಳಿದಿರುವ ವರ್ಷ.

"ಕಾಕಾ, ಮೂಗಿನ ಪ್ರಪೋರ್ಶನ್ ತಪ್ಪೇತ್ರಿ."

ಕೊಟ್ಟಿದ್ದ ಫೋಟೋ ಅಂಚೆಚೀಟಿಯಷ್ಟಿತ್ತು. ಅದರಲ್ಲಿ ಮೂಗೆಲ್ಲಿ ಹುಡುಕುವುದು? ಗುರಲಿಂಗ ಅಂಗಡಿಯ ಕನ್ನಡಿಯಲ್ಲಿ ತನ್ನದನ್ನೇ ನೋಡಿ ತಿದ್ದಿದ.

"ಕಣ್ಣಾಗ ಟೋನ್ ಇಲ್ಲ."

ಮತ್ತೆ ಕನ್ನಡಿ.

ಪಕ್ಕದಂಗಡಿಯ ಶ್ರೇಣಿಕ ಚಹಾ ಕುಡಿಯಲು ಬಂದವನು, "ಗಲ್ಲದಾಗ ಬ್ಯಾಲನ್ಸ್ ಇಲ್ಲ ನೋಡ್ರಿ" ಎಂದ. ಆ ಶಬ್ದವನ್ನು ಶೀತಲಳ ಬಾಯಿಂದ ಕಲಿತು ಅವನಿಗೆ ಐದು ನಿಮಿಷವೂ ಆಗಿರಲಿಲ್ಲ. ಗುರಲಿಂಗ ಗಲ್ಲವನ್ನೂ ತಿದ್ದಿದ.

ಮಧ್ಯಾಹ್ನ ಸಹಿಗೆಂದು ಕುಂಚ ಮೂಲೆಗೆ ಹೋಯಿತು.

"ಅಲ್ಲಿ ಬ್ಯಾಡ್ರಿ ಕಾಕಾ! ಅದು ನೆಗೆಟಿವ್ ಸ್ಪೇಸ್."

"ಹಂಗಂದ್ರ?"

"ಖಾಲಿ ಜಾಗಾ. ಅದು ಖಾಲಿ ಇದ್ರನ ಚಿತ್ರಕ್ಕ ಅರ್ಥ."

ಗುರಲಿಂಗ ಕುಂಚ ಹಿಂದೆಗೆಯಲಿಲ್ಲ. "ತಂಗೀ, ಮೂಗು ಕೇಳ್ದಿ, ಕೊಟ್ನಿ. ಕಣ್ಣು ಕೇಳ್ದಿ, ಕೊಟ್ನಿ. ಹೆಸರೊಂದು ಬಿಡವಾ."

ಕೊನೆಗೆ ಹೆಸರನ್ನು ಸ್ವಲ್ಪ ಮೇಲೆ ಬರೆದು, ಕೆಳಗೆ ನಾಲ್ಕು ಬೆರಳು ಖಾಲಿ ಬಿಡುವುದೆಂದು ರಾಜಿಯಾಯಿತು. ಗುರಲಿಂಗ ಹೆಸರು ಬರೆದ. ಓಂಕಾರ ಗಂಧದ ಹಾರ ಹಾಕಿ, ತಾಯಿ ನಾಗವ್ವನನ್ನು ಕರೆತಂದ.

ಮುದುಕಿ ಬಹಳ ಹೊತ್ತು ನೋಡಿದಳು. "ತಲಿ ಮ್ಯಾಲಿನ ರುಮಾಲು ನಮ್ಮವರದ. ಮುಖಾ ಯಾರದು?"

ಎಲ್ಲರೂ ಚಿತ್ರ ನೋಡಿದರು, ಗುರಲಿಂಗನನ್ನು ನೋಡಿದರು, ಮತ್ತೆ ಚಿತ್ರ ನೋಡಿದರು.

"ನಮ್ಮಪ್ಪನ ಹಾರದಾಗ ನಿನ್ನ ಮಾರಿ ತೂರಿಸೀಯಲ್ಲೋ!" ಓಂಕಾರ ಗುಡುಗಿದ. "ಹಾರಾ ಸುದ್ದಾ ತಗೊಂಡು ನಡಿ!"

ಶೀತಲ ಮೊಬೈಲು ನೋಡುತ್ತಿದ್ದಳು. ಶ್ರೇಣಿಕನ ಚಹಾ ಮುಗಿದಿತ್ತು.

ಬಣ್ಣ ಹಸಿಯಿತ್ತು. ಚಿತ್ರದ ಮುಖ ಹೊರಗೆ ಮಾಡಿ ಎದೆಗೆ ಹಿಡಿದುಕೊಂಡೇ ಗುರಲಿಂಗ ಆರಗದ ಬಸ್ಸು ಹತ್ತಿದ. ಒಬ್ಬರು ಎದ್ದು ಜಾಗ ಕೊಟ್ಟು, "ಅಣ್ಣಾರೇನ್ರಿ? ಯಾವಾಗ ಹೋದ್ರು?" ಎಂದರು.

"ಇವತ್ತ ಮಧ್ಯಾಹ್ನ" ಎಂದ ಗುರಲಿಂಗ. ಸುಳ್ಳು ಅನ್ನಿಸಲಿಲ್ಲ.

ಮನೆಯಲ್ಲಿ ಹೆಂಡತಿ ಕೃಷ್ಣವ್ವ ಹಾರ ಕಂಡು ಅಳುತ್ತಾಳೆಂದುಕೊಂಡಿದ್ದ. ಅವಳು ದೀಪದ ಬೆಳಕಿಗೆ ಚಿತ್ರ ಹಿಡಿದು, "ಭಾಳ ಚಂದ ಬಂದೈತ್ರಿ" ಎಂದಳು. ಇಡೀ ದಿನದಲ್ಲಿ ಅವನ ಕಿವಿಗೆ ಬಿದ್ದ ಒಂದೇ ಒಳ್ಳೆಯ ಮಾತು ಅದು. ಅವನ ಕಣ್ಣು ತುಂಬಿತು.

"ಹೆಸರಿನ ಕೆಳಗ ಇಷ್ಟ ಜಾಗಾ ಯಾಕ ಬಿಟ್ಟೀರಿ?"

"ಅದು ನೆಗೆಟಿವ್ ಸ್ಪೇಸ್. ಅದ್ರಿಂದನ ಚಿತ್ರಕ್ಕ ಅರ್ಥ" ಎಂದ ಗುರಲಿಂಗ, ಎದೆ ಸೆಟೆಸಿ.

ಕೃಷ್ಣವ್ವ ಹಾರ ಬಿಚ್ಚಿ ಡಬ್ಬಿಯಲ್ಲಿಟ್ಟಳು. ಚಿತ್ರವನ್ನು ಗೋಡೆಯ ಮೊಳೆಗೆ ಹಾಕಲಿಲ್ಲ. ಬಣ್ಣ ಒಣಗಿದ ಮೇಲೆ ಸುತ್ತಿಡಲೆಂದು ಹಳೆಯ ಸೀರೆಯೊಂದನ್ನು ತೆಗೆದಳು.

"ಚಲೋ ಆತ್ ಬಿಡ್ರಿ. ಮುಂದ ಅಲ್ಲೇ ನೀವು ಹೋದ ತಾರೀಕು ಬರಿಯಾಕ ಬರ್ತೈತಿ."